ಕೆಮ್ಮು

ನಮ್ಮ ನಡುಗಡ್ಡೆಗೆ ಪಾದ್ರಿ ಬರುವುದು ವರ್ಷಕ್ಕೊಮ್ಮೆ,
ಅದೂ ಕಡಲು ಒಪ್ಪಿದರೆ.
ಚಿಲೋಯೆಯ ಕಡಲು ಸುಲಭಕ್ಕೆ ಒಪ್ಪುವುದಿಲ್ಲ.
ಉಳಿದ ಭಾನುವಾರಗಳೆಲ್ಲ ಫಿಸ್ಕಾಲನವು, ಅಂದರೆ ನನ್ನವು.
ಅಪ್ಪನ ಸೊಂಟದಿಂದ ನನ್ನ ಸೊಂಟಕ್ಕೆ ಬಂದ ಬೀಗದ ಕೈ,
ಗಂಟೆಯ ಹಗ್ಗ ಉಜ್ಜಿ ಜಡ್ಡುಗಟ್ಟಿದ ಅಂಗೈ.
ಹುಟ್ಟಿದ ಕೂಸಿನ ನೆತ್ತಿಗೆ ನೀರು ನಾನೇ,
ಸತ್ತವರ ಒಂಬತ್ತು ರಾತ್ರಿಯ ಜಪಕ್ಕೂ ನಾನೇ.
ರೊಸೆಂದೋ ಲೆವಿಕೊಯ್ ಬಾಯಿ ತೆರೆದರೆ
ಊರು ಮೊಣಕಾಲೂರುತ್ತದೆ.

ಅಂಥವನಿಗೆ ಎರಡು ಚಳಿಗಾಲ
ಪ್ರತಿ ಭಾನುವಾರ ಒಂದೇ ಜಾಗದಲ್ಲಿ ಕೆಮ್ಮು.

ಪರಲೋಕದ ತಂದೆಯ ಹತ್ತಿರ ರೊಟ್ಟಿ ಕೇಳಿ ಮುಗಿಸಿ
ಕ್ಷಮೆ ಕೇಳುವಲ್ಲಿಗೆ ಬರುತ್ತಿದ್ದೆ.
ನಮ್ಮನ್ನು ಕ್ಷಮಿಸು. ಅಲ್ಲಿಯವರೆಗೆ ಸಲೀಸು.
ಆಮೇಲೆ, ನಾವು ಕ್ಷಮಿಸಿದ ಹಾಗೆ.
ಆ ‘ಹಾಗೆ’. ಎರಡೇ ಅಕ್ಷರ, ಮೀನಿನ ಮುಳ್ಳು.
ಮುಷ್ಟಿ ಬಾಯಿಗೊತ್ತಿ ಕೆಮ್ಮುತ್ತಿದ್ದೆ;
ಹೆಂಗಸರ ದನಿ ನನ್ನನ್ನೆತ್ತಿಕೊಂಡು
ಆಚೆಯ ದಡ ಮುಟ್ಟಿಸುತ್ತಿತ್ತು.
ಒಲೆಯ ಹೊಗೆ, ಅನ್ನುತ್ತಿದ್ದರು. ವಯಸ್ಸು, ಅನ್ನುತ್ತಿದ್ದರು.
ಜೇನು ತಂದುಕೊಟ್ಟರು. ತಿಂದೆ.

ಮೊಮ್ಮಗಳು ಎದೆಲ್ಮಿರಾ, ಏಳು ವರ್ಷ,
ಮುಂದಿನ ಬೆಂಚಿನಿಂದ ನೋಡುತ್ತ ನೋಡುತ್ತ
ಒಂದು ದಿನ ಕೇಳಿದಳು:
ತಾತ, ನಿನ್ನ ಕೆಮ್ಮಿಗೂ ಪ್ರಾರ್ಥನೆ ಬಾಯಿಪಾಠವಾ?

ಅಬೆಲಿನೋ ಚಿಗುವಾಯ್ ಬಗ್ಗೆ ಅವಳಿಗೆ ಏನು ಹೇಳಲಿ.
ಒಂದೇ ದೋಣಿಯಲ್ಲಿ ಬೆಳೆದವರು ನಾವು.
ಕಡಲಪಾಚಿ ಒಣಗಿಸುವ ದಂಡೆಯಲ್ಲಿ
ಒಂದು ರಾತ್ರಿ ಗೂಟ ಕಿತ್ತು ನೆಟ್ಟ,
ನನ್ನ ಕಡೆಗೆ ಹನ್ನೊಂದು ಹೆಜ್ಜೆ.
ಅಳೆದಿದ್ದೇನೆ. ಕಿರುಹೆಜ್ಜೆಯಲ್ಲಿ ಹದಿನಾಲ್ಕು.
ಜಪಮಾಲೆಯ ಮಣಿ ತಪ್ಪಿದ್ದುಂಟು, ಈ ಲೆಕ್ಕ ತಪ್ಪಿಲ್ಲ.

ಜೂನ್ ತಿಂಗಳ ಬಡಗಣ ಗಾಳಿ
ಮೂರು ರಾತ್ರಿ ಊರನ್ನು ಹಿಡಿದು ಜಾಡಿಸಿತು.
ನಾಲ್ಕನೆಯ ಬೆಳಿಗ್ಗೆ ನೋಡಿದರೆ ಅಬೆಲಿನೋನ ಮಾಡು
ಪೊರೆ ಕೆರೆದ ಮೀನು.
ಹೆಂಡತಿ ಹೋದಮೇಲೆ ಒಬ್ಬನೇ; ಸೊಂಟ ಬಿದ್ದವನು, ಏಣಿ ಹತ್ತಲಾರ.
ಗಂಟೆಗೋಪುರದಿಂದ ಎಲ್ಲ ಕಾಣುತ್ತದೆ.
ಅದೇ ತೊಂದರೆ.

ದೇವರಾಣೆ, ಆಗ ನನ್ನಲ್ಲಿ ಭಕ್ತಿಯೇನೂ ಇರಲಿಲ್ಲ.
ಇದ್ದದ್ದು ಸಿಟ್ಟು:
ಈ ಗಾಳಿಗೆ ಅವನ ಮನೆಯೇ ಬೇಕಿತ್ತೆ,
ಈ ಏಣಿಗೆ ನನ್ನ ಹೆಗಲೇ ಬೇಕಿತ್ತೆ.
ಇಗರ್ಜಿಯ ಪಡುಗೋಡೆಗೆಂದು ತೆಗೆದಿಟ್ಟ
ಮರದ ಹೆಂಚು ಇನ್ನೂರಿದ್ದವು,
ಊರೆಲ್ಲ ಕಾಸು ಕೂಡಿಸಿ ಸಂತನ ಹೆಸರಲ್ಲಿ ತಂದದ್ದು;
ಲೆಕ್ಕದ ಪುಸ್ತಕದಲ್ಲಿ ನನ್ನದೇ ಕೈಬರಹ.
ಅವನ್ನೇ ಹೊತ್ತು ನಡೆದೆ,
ಆ ಹನ್ನೊಂದು ಹೆಜ್ಜೆಯ ಮೇಲೆಯೇ.

ಬಾಗಿಲಲ್ಲಿ ಅಬೆಲಿನೋ: ಯಾಕೆ ಬಂದೆ?
ತುಟಿಯಲ್ಲಿ ಮೊಳೆ ಕಚ್ಚಿಕೊಂಡೇ
ಹಾಗೇ, ಅಂದೆ.

ಎರಡು ದಿನ ಬಡಿದೆ.
ಅಟ್ಟದಲ್ಲಿ ನಲವತ್ತು ವರ್ಷದ ಮಸಿ.
ಕೆಳಗಿನಿಂದ ಅವನು ಒಂದೊಂದೇ ಹೆಂಚು ನೀಡಿದ,
ನೀಡುವಾಗ ನನ್ನ ಕೈ ನೋಡಿದ, ಮುಖ ನೋಡಲಿಲ್ಲ.
ಸಂಜೆ ಆಲೂಗಡ್ಡೆ ಬೇಯಿಸಿ
ಉಪ್ಪಿನ ಬಟ್ಟಲು ನನ್ನ ಕಡೆ ಸರಿಸಿದ.
ಗೂಟದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಗೂಟ ಇವತ್ತಿಗೂ ಅಲ್ಲೇ ಇದೆ.
ಇಗರ್ಜಿಯ ಪಡುಗೋಡೆ ಈ ಸಲವೂ ಸೋರುತ್ತದೆ;
ಪಾದ್ರಿ ಬಂದಾಗ ಹೇಳಬೇಕು, ಅಥವಾ ಹೇಳಬಾರದು.
ಸಂತನ ಮರದ ಭುಜಕ್ಕೆ ಬಿದ್ದ ಹನಿಯನ್ನು
ತೋಳಿನಿಂದ ಒರೆಸುತ್ತೇನೆ. ಅವನಂತೂ ಕೇಳಿಲ್ಲ, ಹೆಂಚೆಲ್ಲಿ ಎಂದು.

ಭಾನುವಾರ. ಗಂಟೆ. ಮೊಣಕಾಲು.
ರೊಟ್ಟಿ ಕೇಳಿದ್ದಾಯಿತು.
ದೂರದಿಂದಲೇ ಆ ಸಾಲು ಬರುವುದು ಕಂಡಿತು,
ದೋಣಿಯಲ್ಲಿದ್ದವನಿಗೆ ದೊಡ್ಡ ಅಲೆ ಕಂಡಂತೆ.
ಈ ಸಲ ಹೇಳಿಯೇ ಬಿಡೋಣ ಎಂದು ಬಾಯಿ ತೆರೆದೆ.
ಕೆಮ್ಮು ಬಂತು.
ನಿಜವಾದದ್ದು, ಎದೆಯ ತಳದಿಂದ,
ಅಬೆಲಿನೋನ ಅಟ್ಟದ ಮಸಿ,
ಕರವಸ್ತ್ರದ ತುಂಬ ಕಪ್ಪು.
ಕಣ್ಣೊರೆಸಿಕೊಂಡು ತಲೆಯೆತ್ತುವಷ್ಟರಲ್ಲಿ
ಎರಡು ಚಳಿಗಾಲ ಖಾಲಿಯಿದ್ದ
ಬಾಗಿಲ ಹತ್ತಿರದ ಬೆಂಚಿನಿಂದ
ಇನ್ನೊಂದು ಕೆಮ್ಮು.
ಎದೆಲ್ಮಿರಾ ತಿರುಗಿ ನೋಡಿದಳು.